ಸೋಫಾ ಅಜ್ಜಿ ತುಂಬಿದ ಮಿಡಿಸೌತೆ

ಆ ಮನೆಯ ಗ್ಯಾಸ್ ಒಲೆಗೆ ಉರಿ ಮೂರಿದ್ದರೂ ನಾಬ್ ಒಂದೂ ಇರಲಿಲ್ಲ. ನಾಬ್‌ಗಳೆಲ್ಲ ಸೊಸೆಯ ಕೈಚೀಲದಲ್ಲಿ, ಬಾಚಣಿಗೆಗೂ ತಲೆನೋವಿನ ಮಾತ್ರೆಗೂ ನಡುವೆ ಕೂತು, ದಿನಾ ಬೆಳಗ್ಗೆ ಅವಳ ಜೊತೆ ಹಲ್ಲಿನ ಆಸ್ಪತ್ರೆಗೆ ಹೋಗಿ ಸಂಜೆ ವಾಪಸ್ ಬರುತ್ತಿದ್ದವು. ಅಲ್ಲಿ ಸೊಸೆ ಕೌಂಟರಿನ ಹಿಂದೆ ಕೂತು ಜನರನ್ನು ಸರದಿಯಂತೆ ಒಳಗೆ ಕಳಿಸುತ್ತಿದ್ದಳು. ಇಲ್ಲಿ ಅವಳ ಅತ್ತೆ, ಬೀದಿಯವರ ಬಾಯಲ್ಲಿ ಸೋಫಾ ಅಜ್ಜಿ, ಬೋಳು ಒಲೆಯನ್ನು ನೋಡಿಕೊಂಡು ಹಲ್ಲು ಕಡಿಯುತ್ತಿದ್ದಳು.

ತಪ್ಪು ಯಾರದು ಅಂತ ಕೇಳಿದರೆ, ಮುಚ್ಚುಮರೆ ಯಾಕೆ, ಅಜ್ಜಿಯದೇ. ಒಂದು ಮಧ್ಯಾಹ್ನ ಆಲೂಗಡ್ಡೆ ಬೇಯಲಿಟ್ಟು, ಅದು ಬೇಯುವಷ್ಟರಲ್ಲಿ ಅಂತ ಹಿಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡು, ಹಳೇ ಕುರ್ಚಿಯೊಂದರ ಸ್ಪ್ರಿಂಗ್ ಬಿಗಿಯಲು ಕೂತಳು. ಸ್ಪ್ರಿಂಗ್ ಕೈಗೆ ಸಿಕ್ಕರೆ ಅಜ್ಜಿಗೆ ಜಗತ್ತೇ ಬೇಡ. ನೀರು ಇಂಗಿತು, ಆಲೂಗಡ್ಡೆ ಇದ್ದಿಲಾಯಿತು, ಪಾತ್ರೆಯ ತಳ ಕರಕಲಾಯಿತು, ಮನೆ ತುಂಬ ಹೊಗೆ. ಸೋಫಾ ಅಂಗಡಿಯಲ್ಲಿ ಆಯಸ್ಸಿಡೀ ಅಂಟಿನ ವಾಸನೆ ಕುಡಿದಿದ್ದ ಅಜ್ಜಿಯ ಮೂಗು ಯಾವತ್ತೋ ಕೆಲಸ ಬಿಟ್ಟಿತ್ತು, ಹಾಗಾಗಿ ಅವಳಿಗೆ ಏನೂ ತಿಳಿಯಲಿಲ್ಲ. ಸೊಸೆ ಬಂದು ಬಾಗಿಲು ತೆಗೆದಾಗಲೇ ಗೊತ್ತಾದದ್ದು. ಸೊಸೆ ಅವತ್ತು ಒಂದು ಮಾತೂ ಬೈಯಲಿಲ್ಲ. ಪಾತ್ರೆಯನ್ನು ಬಾಲ್ಕನಿಗೆ ಒಯ್ದಿಟ್ಟು, ನಾಬ್‌ಗಳನ್ನು ಒಂದೊಂದಾಗಿ ಎಳೆದು ಚೀಲಕ್ಕೆ ಹಾಕಿಕೊಂಡಳು, ಅಷ್ಟೆ. ಅದು ಅವಳ ಇಷ್ಟದ ದಪ್ಪ ತಳದ ಪಾತ್ರೆ. 'ಒಂದು ಪಾತ್ರೆಗೆ ಇಷ್ಟು ಸೇಡೇ?' ಅಂತ ಅಜ್ಜಿ ಅವತ್ತಿನಿಂದ ಒಳಗೊಳಗೇ ಕುದಿಯುತ್ತಿದ್ದಳು. ಬೆಂಕಿ ಇಲ್ಲದೆ ಆ ಮನೆಯಲ್ಲಿ ಕುದಿಯುತ್ತಿದ್ದದ್ದು ಅದೊಂದೇ.

ಈಗ ಮಗನಿಗೆ ಐವತ್ತು ತುಂಬುವುದಿತ್ತು. ಭಾನುವಾರ ಮನೆಯಲ್ಲೇ ಸಣ್ಣ ಪಾರ್ಟಿ, ಊಟ ಹೊರಗಿನಿಂದ ಬರುವುದು ಅಂತ ತೀರ್ಮಾನವಾಗಿತ್ತು. ಅಜ್ಜಿಯ ಪಾಲಿಗೆ ಏನು ಕೆಲಸ ಅಂದರೆ, ಒಳ್ಳೆ ಸೀರೆ ಉಟ್ಟು ಕೂರುವುದು. ಅದನ್ನೂ ಸಹಿಸಿಕೊಂಡಾಳು. ಸಹಿಸಲಾಗದ ಸುದ್ದಿ ಗುರುವಾರ ಬಂತು.

ಮಗ ಮುದ್ರಣಾಲಯದಲ್ಲಿ ಯಂತ್ರ ನಡೆಸುವವನು. ಆ ಗದ್ದಲದ ನಡುವೆ ಕೂಗಿ ಕೂಗಿ ಮಾತಾಡಿ ಅವನ ಪಿಸುಮಾತೂ ಬೀದಿಯ ತುದಿಯವರೆಗೆ ಕೇಳುತ್ತಿತ್ತು. ಅದು ಅವನೊಬ್ಬನಿಗೆ ಬಿಟ್ಟು ಉಳಿದವರಿಗೆಲ್ಲ ಗೊತ್ತು. ಗುರುವಾರ ಸಂಜೆ ಬಾಲ್ಕನಿಗೆ ಹೋಗಿ, ಬಾಗಿಲು ಹಾಕಿಕೊಂಡು, ಫೋನಿಗೆ ಕೈ ಅಡ್ಡ ಹಿಡಿದು ಅವನು ಗುಟ್ಟು ಹೇಳಿದ:

"ಭಾನುವಾರ ಪಾರ್ಟಿಗೆ ಬಂದ್ಬಿಡಿ ಮೇಡಂ. ಅಮ್ಮನ್ನ ಒಂದ್ಸಲ ನೋಡ್ದಂಗಾಗುತ್ತೆ. ನಮ್ಮನೆಯವಳ ಜೊತೆ ಆಸ್ಪತ್ರೇಲಿ ಕೆಲ್ಸ ಮಾಡೋರು ಅಂತ ಹೇಳ್ತೀವಿ. ನಿಮಗೆ ಒಪ್ಪಿಗೆಯಾದ್ರೆ ಸೋಮವಾರದಿಂದಾನೇ ಶುರು. ಬೆಳಗ್ಗೆಯಿಂದ ಸಂಜೆವರೆಗೂ ಜೊತೇಲೇ ಇರ್ಬೇಕು. ಅಮ್ಮನಿಗೆ ಮಾತ್ರ ಗೊತ್ತಾಗ್ಬಾರ್ದು."

ಅಜ್ಜಿ ಒಳಗೆ ಕೂತು ದಾರ ಪೋಣಿಸುತ್ತಿದ್ದಳು. ಎದುರು ಮನೆಯ ಕಿಟಕಿಯಿಂದ ಟಿಕೆಟ್ ಮಾಮ, ಅಂದರೆ ಕೆಲಸದಿಂದ ನಿವೃತ್ತನಾದ ಬಸ್ ಕಂಡಕ್ಟರ್, ಅಯ್ಯೋ ಪಾಪ ಅನ್ನುವಂತೆ ಅವಳತ್ತ ತಲೆಯಾಡಿಸಿದ. ಅವನಿಗೂ ಪೂರ್ತಿ ಕೇಳಿತ್ತು.

ಸೋಮವಾರದಿಂದ ಒಂದು ಕಾವಲು! ಹಗಲು ಹೊತ್ತು ಆ ಮನೆ ಅವಳದು. ಹಿಂದಿನ ಕೋಣೆ, ಅಲ್ಲಿನ ಸುತ್ತಿಗೆ, ವಕ್ರ ಸೂಜಿ, ಯಾರೋ ಬೀದಿಗೆ ಬಿಸಾಕಿದ ಕುರ್ಚಿಗಳು, ಅವುಗಳ ಜೊತೆ ಬಾಯಿಗೆ ಬಂದಂತೆ ಮಾತಾಡಿಕೊಂಡು ಕೂರುವ ಸ್ವಾತಂತ್ರ್ಯ. ಇನ್ನು ಮುಂದೆ ಪಕ್ಕದಲ್ಲೊಬ್ಬಳು ಕೂತು 'ಸಾಕಮ್ಮ, ಮಲಕ್ಕೊಳ್ಳಿ' ಅನ್ನುತ್ತಾಳೆ. ಅಜ್ಜಿಗೆ ಸಿಟ್ಟು ನೆತ್ತಿಗೇರಿತು. ಆದರೆ ಕಿರುಚಾಡಿದರೆ 'ನೋಡಿ, ತಲೆ ಕೆಟ್ಟಿದೆ' ಅನ್ನುತ್ತಾರೆ. ಆದ್ದರಿಂದ ಅವಳು ಬೇರೆ ದಾರಿ ಹಿಡಿದಳು. ಬೆಂಕಿಯೇ ಮುಟ್ಟದೆ ಪಾರ್ಟಿಗೆ ತಟ್ಟೆ ತುಂಬ ತಿಂಡಿ ಮಾಡಿ ಮೇಜಿನ ಮೇಲಿಡುವುದು. ಬಂದವರೆಲ್ಲ ಚಪ್ಪರಿಸಿ ತಿನ್ನಬೇಕು. ಆ ಹೆಂಗಸೂ ತಿಂದು, ಇಷ್ಟು ಗಟ್ಟಿಮುಟ್ಟಾದ ಮುದುಕಿಗೆ ನಾನ್ಯಾಕೆ ಅಂತ ಬಂದ ದಾರಿ ಹಿಡಿಯಬೇಕು.

ಶನಿವಾರ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದದ್ದೇ ತಡ, ಅಜ್ಜಿ ಮೂಲೆ ಅಂಗಡಿಗೆ ನಡೆದಳು. ವಿನೆಗರ್ ಮತ್ತು ಉಪ್ಪುನೀರಿನಲ್ಲಿ ನೆನೆದ ಮಿಡಿಸೌತೆಯ ದೊಡ್ಡ ಬಾಟಲಿಗಳನ್ನು ಅಂಗಡಿಯವನಿಂದ ಕೆಳಗಿಳಿಸಿಕೊಂಡು, ಬೆಳಕಿಗೆ ಹಿಡಿದು, ಒಂದೇ ಗಾತ್ರದ, ನೆಟ್ಟಗಿನ ಕಾಯಿಗಳಿರುವ ಬಾಟಲಿಯನ್ನೇ ಆರಿಸಿದಳು. "ಅಜ್ಜಿ, ತಿನ್ನೋಕಾ, ಸೋಫಾ ಕಾಲಿಗಾ?" ಅಂತ ಅವನು ಕೇಳಿದ. "ನಿನ್ನ ತಲೆಗೆ" ಅಂದಳು ಅಜ್ಜಿ. ಜೊತೆಗೆ ಬ್ರೆಡ್ಡಿಗೆ ಸವರುವಂಥ ಮೆತ್ತನೆ ಚೀಸ್, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಒಂದು ಹಿಡಿ ಅಕ್ರೋಟು ತಗೊಂಡಳು.

ಕೆಲಸ ನಿಜಕ್ಕೂ ಸುಲಭದ್ದು. ಕಾಯಿಯ ಎರಡೂ ತುದಿ ಕತ್ತರಿಸಬೇಕು, ನಡುವಿನ ತಿರುಳು ಬೀಜ ತೆಗೆದು ಕೊಳವೆ ಮಾಡಬೇಕು, ನೀರು ಬಸಿಯಬೇಕು, ಚೀಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಪುಡಿ, ಪುಡಿಮಾಡಿದ ಅಕ್ರೋಟು ಕಲಸಿ ತುಂಬಬೇಕು, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಬೇಕು. ಯಾರು ಬೇಕಾದರೂ ಮಾಡಬಹುದು. ಆದರೆ ಅಜ್ಜಿ ಯಾರು ಬೇಕಾದರೂ ಅಲ್ಲವಲ್ಲ. ತಿರುಳು ತೆಗೆಯಲು ಚಮಚ ಸರಿಹೋಗದೆ, ಚರ್ಮಕ್ಕೆ ತೂತು ಹೊಡೆಯಲು ತಂದು ಇನ್ನೂ ಬಳಸದೆ ಇಟ್ಟಿದ್ದ ಹಿತ್ತಾಳೆ ಕೊಳವೆಯನ್ನು ತೊಳೆದು ತಂದಳು. ಒಂದು ತಿರುವು, ಒಂದು ಎಳೆತ, ತಿರುಳು ಹೊರಗೆ. ಕಾಯಿಗಳನ್ನು ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿ ಒಣಗಿಸಿದಳು. ಕಲಸಿದ್ದನ್ನು ರುಚಿ ನೋಡಿದಳು. ಬಲು ರುಚಿ. ನಾಲಿಗೆ ಇನ್ನೂ ಮೂಗಿನ ದಾರಿ ಹಿಡಿದಿಲ್ಲ ಅಂತ ತನಗೆ ತಾನೇ ಹೇಳಿಕೊಂಡಳು.

ಎಡವಟ್ಟಾದದ್ದು ತುಂಬುವಾಗ. ಕುಶನ್ ತುಂಬುವವರ ಕೈಗೆ ಒಂದು ಕಟ್ಟಳೆ ಇರುತ್ತದೆ. ಹತ್ತಿಯಾಗಲಿ ನಾರಾಗಲಿ, ಚೀಲ ಹಿಡಿಸುವುದಕ್ಕಿಂತ ಒಂದು ಪಾಲು ಜಾಸ್ತಿ ತುರುಕಬೇಕು, ಯಾಕೆಂದರೆ ಜನ ಕೂತು ಕೂತು ಅದು ಇಳಿಯುತ್ತದೆ. ಆಮೇಲೆ ಬಾಯಿ ಬಿಗಿಯಾಗಿ ಮುಚ್ಚಬೇಕು, ಇಲ್ಲದಿದ್ದರೆ ಹೊಲಿಗೆಯಲ್ಲಿ ಹತ್ತಿ ಹಣಕುತ್ತದೆ. ಅಜ್ಜಿಯ ಕೈ ಅಷ್ಟು ವರ್ಷ ಇದನ್ನೇ ಮಾಡಿದ್ದು. ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿ, ಅದರಿಂದ ಹಿಂಡಿ ಹಿಂಡಿ, ಬೆರಳಿನಿಂದ ಒತ್ತಿ ಒತ್ತಿ, ಇನ್ನು ಸಾಕಪ್ಪಾ ಅನ್ನುವವರೆಗೆ ತುಂಬಿ, ಮೇಲೆ ಇನ್ನಷ್ಟು ಹಿಂಡಿದಳು. ಕತ್ತರಿಸಿಟ್ಟ ತುದಿಗಳನ್ನೇ ಬಿರಡೆಯಂತೆ ಎರಡೂ ಕಡೆ ತುರುಕಿದಳು. ಹೆಬ್ಬೆರಳಿನಿಂದ ಒಂದನ್ನು ಒತ್ತಿ ನೋಡಿದಳು. ಒತ್ತಿದ್ದು ಪುಟಕ್ಕನೆ ಎದ್ದು ಬಂತು. ಒಳ್ಳೆ ಕುಶನ್ ಲಕ್ಷಣ ಅದೇ. ಅಜ್ಜಿಗೆ ಭಾರಿ ಸಮಾಧಾನವಾಯಿತು. ಚೀಸಿನ ಮೇಲೆ ಯಾರೂ ಬಂದು ತಿಂಗಳುಗಟ್ಟಲೆ ಕೂರುವುದಿಲ್ಲ ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ಒಂದನ್ನಾದರೂ ಕಚ್ಚಿ ನೋಡಿದ್ದರೆ ಹೊಳೆಯುತ್ತಿತ್ತು. ಆದರೆ ಹೊಸ ಕುಶನ್ ಮೇಲೆ ಮೊದಲು ತಾನು ಕೂರುವ ಅಭ್ಯಾಸ ಆ ಕಸುಬಿನವರಿಗಿಲ್ಲ. ಅದು ಗಿರಾಕಿಯ ಹಕ್ಕು.

ತಟ್ಟೆಯನ್ನು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ, ಕೋಸಿನ ಹಿಂದೆ ಅಡಗಿಸಿಟ್ಟಳು.

ಭಾನುವಾರ ಸಂಜೆ ಮನೆ ತುಂಬಿತು. ತುಂಬಿತು ಅಂದರೂ ಪಾರ್ಟಿಗೆ ಜೀವ ಇರಲಿಲ್ಲ. ಮುದ್ರಣಾಲಯದವರು ಒಂದು ಗೋಡೆಗೆ ಒರಗಿ, ಆಸ್ಪತ್ರೆಯವರು ಇನ್ನೊಂದು ಗೋಡೆಗೆ ಒರಗಿ, ನಡುವೆ ನೆಲ ಬೋಳಾಗಿತ್ತು. ಹೊರಗಿನಿಂದ ಬಂದ ಊಟದ ಡಬ್ಬಗಳು ಮೇಜಿನ ಮೇಲೆ ಬೆವರುತ್ತಿದ್ದವು. ಬೀಗಿತ್ತಿ, ಅಂದರೆ ಸೊಸೆಯ ತಾಯಿ, ಅಜ್ಜಿಯೇ ಸ್ಪ್ರಿಂಗ್ ಹಾಕಿದ ಸೋಫಾದಲ್ಲಿ ಮೈ ಚೆಲ್ಲಿ ಕೂತು ಎಲ್ಲರ ಬಟ್ಟೆಯನ್ನೂ ಕಣ್ಣಲ್ಲೇ ಅಳೆಯುತ್ತಿದ್ದಳು. ಅವಳ ಕಣ್ಣಿಗೆ ಬಿದ್ದದ್ದು ಬಾಯಿಗೆ ಬಾರದೆ ಇರುತ್ತಿರಲಿಲ್ಲ.

"ಅತ್ತೆ, ಇವರು ನಮ್ಮ ಆಸ್ಪತ್ರೇಲಿ ಕೆಲ್ಸ ಮಾಡ್ತಾರೆ" ಅಂತ ಸೊಸೆ ಒಬ್ಬ ಎತ್ತರದ, ದಪ್ಪ ಕನ್ನಡಕದ ಹೆಂಗಸನ್ನು ಕರೆತಂದಳು. ಹೇಳುವಾಗ ಅವಳ ದೃಷ್ಟಿ ಕಿಟಕಿ ಪರದೆಯ ಮೇಲಿತ್ತು.

ಅಜ್ಜಿಯ ಮುಖ ಅರಳಿತು. "ಹೌದಾ! ಬನ್ನಿ ಕೂತ್ಕೊಳ್ಳಿ. ನೀವು ಹಲ್ಲು ಕೀಳೋರಾ, ಕಟ್ಟೋರಾ?"

"ಅದು... ಎರಡೂ ಸ್ವಲ್ಪ ಸ್ವಲ್ಪ" ಅಂದಳು ಆಕೆ.

"ಭೇಷ್. ನೋಡಿ, ನನಗೆ ಇಲ್ಲೊಂದು ಅಲ್ಲಾಡ್ತಿದೆ" ಅಂತ ಅಜ್ಜಿ ಬಾಯಿ ಆ ಅಂತ ತೆರೆದಳು. ಆಕೆ ಇಂಗು ತಿಂದ ಮಂಗನ ಹಾಗೆ ಒಳಗೆ ಇಣುಕಿ, "ತುಂಬಾ ಚೆನ್ನಾಗಿವೆ" ಅಂದಳು. ಅಜ್ಜಿಯ ಹಲ್ಲು ಅಷ್ಟೂ ಕಟ್ಟಿಸಿಕೊಂಡವು. ಸೊಸೆ ಕೆಮ್ಮಿದಳು. ಮಗ ಕೋಣೆಯ ಆ ತುದಿಯಿಂದ "ಗೊತ್ತಾಗೋಯ್ತೇನೇ?" ಅಂತ ಹೆಂಡತಿಯ ಕಡೆ ಪಿಸುಗುಟ್ಟಿದ. ಇಡೀ ಪಾರ್ಟಿ ತಿರುಗಿ ನೋಡಿತು.

ಇದೇ ಸಮಯ ಅಂತ ಅಜ್ಜಿ ಎದ್ದು ಅಡುಗೆಮನೆಗೆ ಹೋದಳು, ತಟ್ಟೆ ಹಿಡಿದು ಬಂದಳು. ಹಸಿರು ಮಿಡಿಸೌತೆಗಳು ಒಂದರ ಪಕ್ಕ ಒಂದು, ಹೊಳೆಯುತ್ತ, ಉಬ್ಬಿಕೊಂಡು ಮಲಗಿದ್ದವು.

"ಇದನ್ನ ಯಾರು ಮಾಡಿದ್ದು?" ಸೊಸೆಯ ಮುಖ ಬಿಳಿಚಿತು. ಕೈ ತಾನಾಗಿ ಕೈಚೀಲದ ಮೇಲೆ ಹೋಯಿತು. ನಾಬ್‌ಗಳು ಒಳಗೆ ಭದ್ರವಾಗಿದ್ದವು.

"ನಾನೇ. ಒಲೆ ಹತ್ರ ಸುಳಿದಿಲ್ಲ, ಬೇಕಾದ್ರೆ ಮುಟ್ಟಿ ನೋಡು, ತಣ್ಣಗಿದೆ. ಬೀಗಿತ್ತಿಯೋರೆ, ಮೊದಲು ನೀವು ತಗೊಳ್ಳಿ. ದೊಡ್ಡೋರು."

ಬೀಗಿತ್ತಿ ಮೂಗು ಮುರಿಯುತ್ತಲೇ ಒಂದನ್ನು ಎರಡು ಬೆರಳಲ್ಲಿ ಎತ್ತಿಕೊಂಡಳು. "ಏನೋಪ್ಪ, ಬೇಯಿಸದೇ ಇರೋದು ನನ್ನ ಹೊಟ್ಟೆಗೆ ಆಗಿಬರಲ್ಲ" ಅನ್ನುತ್ತ ಒಂದು ತುದಿಯನ್ನು ಬಾಯಿಗಿಟ್ಟು ಕಚ್ಚಿದಳು.

ಟಪ್!

ಇನ್ನೊಂದು ತುದಿಯ ಬಿರಡೆ ಹಾರಿತು. ಅದರ ಹಿಂದೆಯೇ ಬೆರಳುದ್ದದ ಚೀಸು ಹೊರಟು, ಬೋಳು ನೆಲವನ್ನು ದಾಟಿ, ಎತ್ತರದ ಹೆಂಗಸಿನ ಕನ್ನಡಕದ ಎಡಗಾಜಿಗೆ ಹೋಗಿ ಮೆತ್ತಿಕೊಂಡಿತು.

ಬೀಗಿತ್ತಿಯ ಬಾಯಲ್ಲಿ ಖಾಲಿ ಕೊಳವೆ ಪೀಪಿಯಂತೆ ನಿಂತಿತ್ತು. ಅಜ್ಜಿಗೆ ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. 'ಇಳಿದು ಕೂರುತ್ತೆ ಅಂದ್ಕೊಂಡಿದ್ದೆ' ಅಂತ ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡಳು. ಮುಗಿಯಿತು. ಸೋಮವಾರದಿಂದ ಕಾವಲು ಗ್ಯಾರಂಟಿ.

"ಏನಾಯ್ತು ಏನಾಯ್ತು" ಅಂತ ಮಗ ಧಾವಿಸಿದ. ಬಂದವನು, ತಾಯಿಯ ಮಾನ ಉಳಿಸಬೇಕು ಅಂತ ತಾನೂ ಒಂದನ್ನು ಎತ್ತಿ, "ಹೀಗಲ್ಲ ಅತ್ತೆ, ಹೀಗೆ ತಿನ್ಬೇಕು" ಅಂತ ಬಲವಾಗಿ ಕಚ್ಚಿದ. ಅವನದು ಬೀಗಿತ್ತಿಯ ಕೊರಳಿಗೆ ಬಿತ್ತು.

ಮುದ್ರಣಾಲಯದವರ ಗೋಡೆಯಿಂದ ಯಾರೋ ಕಿಸಕ್ಕಂದರು. ಆಸ್ಪತ್ರೆಯವರ ಗೋಡೆಯಿಂದ ಇನ್ಯಾರೋ. ಅಷ್ಟೇ ಸಾಕಾಯಿತು. ಐವತ್ತು ದಾಟಿದ ಗಂಡಸರು ಒಂದೊಂದು ಮಿಡಿಸೌತೆ ಹಿಡಿದು, ಒಂದು ಕಣ್ಣು ಮುಚ್ಚಿ, ಎದುರು ಗೋಡೆಯವರ ಕಡೆ ಗುರಿಯಿಟ್ಟರು. ಹಲ್ಲಿನ ಡಾಕ್ಟರು, ಎಷ್ಟು ಗಂಭೀರ ಮನುಷ್ಯ ಅಂದರೆ ಗೋಡೆಯ ಮೇಲಿನ ಫೋಟೊಗೂ ನಮಸ್ಕಾರ ಹೇಳುವವರು, ಕುರ್ಚಿಯ ಹಿಂದೆ ಅವಿತು "ಬಲಗಡೆಯಿಂದ ಕಚ್ಚಿ, ದವಡೆ ಹಲ್ಲಲ್ಲಿ ಕಚ್ಚಿ, ದೂರ ಹೋಗುತ್ತೆ!" ಅಂತ ತಮ್ಮವರಿಗೆ ಸಲಹೆ ಕೊಡುತ್ತಿದ್ದರು. ಬೀಗಿತ್ತಿ ಕೊರಳು ಒರೆಸಿಕೊಂಡು ಅಳಿಯನ ಮೇಲೆ ಸೇಡು ತೀರಿಸಿಕೊಳ್ಳಲು ಎರಡನೆಯದಕ್ಕೆ ಕೈ ಹಾಕಿದಳು. ಬೇಯಿಸದ್ದು ಹೊಟ್ಟೆಗೆ ಆಗಿಬಾರದ ವಿಚಾರ ಅವಳಿಗೆ ನೆನಪಿದ್ದಂತೆ ಕಾಣಲಿಲ್ಲ. ಹಾರಿದ್ದು ಹಾರಿತು, ಬಾಯಲ್ಲಿ ಉಳಿದದ್ದನ್ನು ಎಲ್ಲರೂ ಚಪ್ಪರಿಸಿದರು. "ಅಜ್ಜಿ, ಸಖತ್ತಾಗಿದೆ!" ಅಂತ ಕೂಗು ಬಂತು. ನಡುವಿನ ಬೋಳು ನೆಲ ಈಗ ಜನರಿಂದ ತುಂಬಿ ಕಾಣಿಸುತ್ತಲೇ ಇರಲಿಲ್ಲ.

ಅಜ್ಜಿ ಮಾತ್ರ ಖಾಲಿ ತಟ್ಟೆ ಹಿಡಿದು ಸದ್ದಿಲ್ಲದೆ ಅಡುಗೆಮನೆಗೆ ಜಾರಿದಳು. ಪರದೆಗೆ ಚೀಸು, ಫೋಟೊಗೆ ಚೀಸು, ಅವಳೇ ಹೊಲಿದ ಸೋಫಾಗೆ ಚೀಸು. ಇಷ್ಟಾದ ಮೇಲೆ ಯಾವ ಬಾಯಿಂದ 'ನಾನೊಬ್ಬಳೇ ಇರ್ತೀನಿ' ಅನ್ನುವುದು?

ಸೊಸೆ ಹಿಂದೆಯೇ ಬಂದಳು. ಕೂದಲಲ್ಲಿ ಒಂದು ಎಸಳು ಸಬ್ಬಸಿಗೆ. ನಕ್ಕೂ ನಕ್ಕೂ ಅವಳ ಕಣ್ಣಲ್ಲಿ ನೀರು.

"ಅತ್ತೆ, ಅವರು ಬರಲ್ವಂತೆ."

"ಯಾರು?"

"ನಿಮಗೆ ಗೊತ್ತು ಯಾರು ಅಂತ. ಹಲ್ಲು ತೋರಿಸಿ ಆಟ ಆಡಿಸಿದ್ರಲ್ಲ." ಸೊಸೆ ಸೆರಗಲ್ಲಿ ಕಣ್ಣೊರೆಸಿಕೊಂಡಳು. "ಕನ್ನಡಕ ತೊಳಿತಾ ಅವರೇ ಹೇಳಿದ್ರು. 'ನಿಮ್ಮತ್ತೇನ ಕಾಯೋಕೆ ಯಾರೂ ಬೇಡ. ನಿಮ್ಮತ್ತೆಯಿಂದ ಮಿಕ್ಕೋರನ್ನ ಕಾಯೋಕೆ ಯಾರನ್ನಾದ್ರೂ ನೋಡಿ. ಅದು ನನ್ನ ಕೈಲಾಗಲ್ಲ' ಅಂದ್ರು."

ಗೆದ್ದೆ! ಅಜ್ಜಿಗೆ ಕುಣಿಯುವಷ್ಟು ಖುಷಿಯಾಯಿತು. ಸೋತಿದ್ದೇನೆ ಅಂದುಕೊಂಡದ್ದು ಗೆಲುವಾದರೆ ಅದರ ರುಚಿಯೇ ಬೇರೆ. ಬಾಯಿಗೆ ಬೀಗ ಹಾಕಿಕೊಂಡು ಇದ್ದಿದ್ದರೆ ಆಗುತ್ತಿತ್ತು. ಆದರೆ ಅಜ್ಜಿ ಗೆದ್ದಾಗ ಸುಮ್ಮನಿರುವವಳಲ್ಲ.

"ಒಂದು ಪಾತ್ರೆ ಸುಟ್ಟಿದ್ದಕ್ಕೆ ಇಷ್ಟೆಲ್ಲಾ ಬೇಕಿತ್ತಾ ನಿನಗೆ? ಅಂಥದ್ದೇ ಪಾತ್ರೆ ತಂದುಕೊಡ್ತಿದ್ದೆನಲ್ಲ."

ಸೊಸೆಯ ನಗು ನಿಂತುಹೋಯಿತು.

"ಪಾತ್ರೆನಾ?" ಅಂದಳು. "ಪಾತ್ರೆ ವಿಷಯ ಅಂದ್ಕೊಂಡ್ರಾ ಅತ್ತೆ?"

ಹೊರಗೆ ಹಜಾರದಲ್ಲಿ ಮತ್ತೊಂದು ಟಪ್ ಕೇಳಿಸಿತು, ನಗು ಕೇಳಿಸಿತು. ಸೊಸೆ ಒಲೆಯ ಕಟ್ಟೆಗೆ ಒರಗಿದಳು.

"ಅವತ್ತು ಮೆಟ್ಟಿಲು ಹತ್ತುವಾಗಲೇ ಹೊಗೆ ಕಾಣಿಸ್ತು. ನಿಮ್ಮನ್ನ ಕೂಗಿದೆ. ಉತ್ತರ ಇಲ್ಲ. ಕೀಲಿಕೈ ಕೈಯಲ್ಲೇ ಇತ್ತು ಅತ್ತೆ, ಬಾಗಿಲು ತೆಗೆಯೋಕೆ ಧೈರ್ಯ ಬರಲಿಲ್ಲ. ಹೊಸ್ತಿಲಲ್ಲೇ ಕೂತುಬಿಟ್ಟೆ. ಒಳಗೆ ನಿಮ್ಮನ್ನ ಹೆಂಗೆ ನೋಡಬೇಕಾಗುತ್ತೋ ಅಂತ. ಎಷ್ಟೊತ್ತು ಕೂತಿದ್ದೆನೋ ಗೊತ್ತಿಲ್ಲ. ಆಮೇಲೆ ಒಳಗೆ ಬಂದ್ರೆ ನೀವು ಹಿಂದಿನ ಕೋಣೇಲಿ ಕುರ್ಚಿ ಜೊತೆ ಮಾತಾಡ್ತಾ ಕೂತಿದ್ರಿ. ನನ್ನ ನೋಡಿ 'ಬೇಗ ಬಂದ್ಯಲ್ಲೇ' ಅಂದ್ರಿ." ಅವಳು ಮೂಗು ಎಳೆದುಕೊಂಡಳು. "ಇವತ್ತಿಗೂ ದಿನಾ ಸಾಯಂಕಾಲ ಮೆಟ್ಟಿಲು ಹತ್ತುವಾಗ ಮೊದಲು ಮೂಸಿ ನೋಡ್ತೀನಿ."

ಇಷ್ಟು ದಿನ ಪಾತ್ರೆಯ ಲೆಕ್ಕದಲ್ಲಿ ಸೊಸೆಯನ್ನು ಮನಸ್ಸಿನಲ್ಲಿ ಬೈದದ್ದೆಲ್ಲ ಅಜ್ಜಿಗೆ ನೆನಪಾಯಿತು. ಈ ಹುಡುಗಿ ದಿನಾ ಬೆಳಗ್ಗೆ ಹೊತ್ತುಕೊಂಡು ಹೋಗುತ್ತಿದ್ದದ್ದು ನಾಬ್ ಅಲ್ಲ, ಭಯ. ಅದನ್ನು ಒಬ್ಬಳೇ ಹೊತ್ತಿದ್ದಳು. ಮತ್ತೆ ಮರೆಯುವುದಿಲ್ಲ ಅಂತ ಮಾತು ಕೊಡೋಣ ಅಂದರೆ, ಅದು ಅಜ್ಜಿಯ ಕೈಯಲ್ಲಿ ಇರುವ ಮಾತಲ್ಲ. ಸ್ಪ್ರಿಂಗ್ ಸಿಕ್ಕರೆ ಅವಳು ಮರೆಯುತ್ತಾಳೆ, ಅದು ಅವಳಿಗೂ ಗೊತ್ತು.

ಅವಳು ಸೊಸೆಯ ಕೂದಲಿಂದ ಸಬ್ಬಸಿಗೆ ಎಸಳನ್ನು ತೆಗೆದಳು. "ಹೇಳೋಕೇನಾಗಿತ್ತೇ ನಿನಗೆ" ಅಂದಳು. ಗದರಬೇಕು ಅಂತ ಹೊರಟ ದನಿ ಗದರಲಿಲ್ಲ.

"ಹೇಳಿದ್ರೆ ನೀವು ನಗ್ತಿದ್ರಿ."

ಅದು ನಿಜ. ನಗುತ್ತಿದ್ದಳು.

ಅಜ್ಜಿ ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು. ಎತ್ತರದ ಹೆಂಗಸು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಳು. ಯಾರದೋ ಗುರಿ ತಪ್ಪಿ ಒಂದು ಚಪ್ಪಲಿಗೆ ಚೀಸು ಹತ್ತಿತ್ತು. ಅಜ್ಜಿ ಅದನ್ನು ಎತ್ತಿ, ತನ್ನ ಕರವಸ್ತ್ರದಲ್ಲಿ ಚೆನ್ನಾಗಿ ಒರೆಸಿ, ಅವಳ ಕಾಲ ಬಳಿ ಇಟ್ಟಳು.

"ನಾಳೆ ಎಷ್ಟೊತ್ತಿಗೆ ಬರ್ತೀರಮ್ಮ?"

ಆಕೆ ತಬ್ಬಿಬ್ಬಾದಳು. "ನಿಮಗೆ ಯಾರೂ ಬೇಡ ಅಂತ ನಾನೇ ಹೇಳಿಬಂದೆನಲ್ಲ."

"ಸರಿಯಾಗೇ ಹೇಳಿದ್ದೀರಿ. ನನಗೆ ಬೇಡ" ಅಂದಳು ಅಜ್ಜಿ. "ನನ್ನ ಸೊಸೆಗೆ ಬೇಕು."